ಸಣ್ಣ ಹೋಟೆಲಿನ ಊಟಕ್ಕೆ ವಿಮರ್ಶೆ ಬರೆಯುವುದು: ದಾವಣಗೆರೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ದೋಸೆ ಹೋಟೆಲು, ಖಾನಾವಳಿ, ಮಂಡಕ್ಕಿ ಗಾಡಿ, ಈಚೀಚೆಗೆ ಕಾಲೇಜು ಕಡೆಯ ಕೆಫೆ, ಇವುಗಳ ಬಗ್ಗೆ ನಾನು ಬರೆಯುತ್ತಿರುತ್ತೇನೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಪತ್ರಗಳಲ್ಲಿ, ಬರೆದದ್ದರ ಕೆಳಗಿನ ಪ್ರತಿಕ್ರಿಯೆಗಳಲ್ಲಿ ಜನ ಕೇಳುವುದು ಹೆಚ್ಚು ಕಮ್ಮಿ ಇವೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆನೋವಿನದ್ದು ಆಮೇಲೆ.

## ಶುರು ಮಾಡುವವರಿಗೆ

ಊಟದ ಬಗ್ಗೆ ಬರೆಯೋಕೆ ಏನಿದೆ ಸಾರ್? ಚೆನ್ನಾಗಿತ್ತು, ಚೆನ್ನಾಗಿರ್ಲಿಲ್ಲ, ಅಷ್ಟೇ ಅಲ್ವಾ?

'ಸೂಪರ್' ಅಂತ ಬರೆದರೆ ಓದುವವರಿಗೆ ಏನೂ ಸಿಗುವುದಿಲ್ಲ. ಜಗಳೂರಿನಿಂದ ಬೆಳಗಿನ ಬಸ್ಸಿಗೆ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಬಂದವರನ್ನು ನೆನೆಯಿರಿ. ಅವರಿಗೆ ಬೇಕಾದದ್ದು ಬೇರೆ. ಏಳೂವರೆಗೆ ತಿಂಡಿ ಸಿಗುತ್ತದಾ? ಮೊಣಕಾಲು ನೋವಿರುವವರು ಕೂರುವಂಥ ಕುರ್ಚಿ ಇದೆಯಾ, ಇಲ್ಲ ನಿಂತೇ ತಿನ್ನಬೇಕಾ? ಇಬ್ಬರಿಗೆ ಎಷ್ಟಾಗುತ್ತದೆ? ಖಾರ ಜಾಸ್ತಿನಾ?

ಇನ್ನೊಂದು ಮಾತು. ಪ್ರತಿ ಹೋಟೆಲೂ ಬೋರ್ಡಿನಲ್ಲಿ, ಮೆನುವಿನಲ್ಲಿ, ರೇಟಿನಲ್ಲಿ ಗಿರಾಕಿಗೆ ಒಂದು ಮಾತು ಕೊಟ್ಟಿರುತ್ತದೆ. 'ಬಿಸಿ ಬಿಸಿ ರೊಟ್ಟಿ ಊಟ' ಅಂತ ಬರೆದವನು ರೊಟ್ಟಿ ಬಿಸಿಯಾಗಿ ಕೊಟ್ಟನಾ? ನಾನು ನೋಡುವುದು ಅದನ್ನೇ. ಎ.ಸಿ. ಇಲ್ಲ, ಟಿಶ್ಯೂ ಇಲ್ಲ ಎಂದು ಖಾನಾವಳಿಯನ್ನು ಬೈಯುವುದು ನ್ಯಾಯವಲ್ಲ. ಅವನು ಅದನ್ನು ಕೊಡುತ್ತೇನೆ ಅಂತ ಹೇಳಿಯೇ ಇಲ್ಲ.

ನನಗೆ ಅಡುಗೆ ಬರಲ್ಲ. ನಾನು ಬರೆಯಬಹುದಾ?

ಧಾರಾಳವಾಗಿ. ದುಡ್ಡು ಕೊಟ್ಟು ತಿನ್ನುವವರೆಲ್ಲ ಬರೆಯಬಹುದು. ಆದರೆ ಯಾವುದು ಯಾಕೆ ಕೆಟ್ಟಿತು ಎಂದು ಕಾರಣ ಹೇಳಲು ಹೋಗಬೇಡಿ. 'ಇಡ್ಲಿ ಗಟ್ಟಿಯಾಗಿತ್ತು' ಅನ್ನಿ, ಸಾಕು. 'ಉದ್ದು ಕಮ್ಮಿ ಹಾಕಿದ್ದಾರೆ' ಅನ್ನಬೇಕಾದರೆ ನಿಮಗೆ ಹಿಟ್ಟಿನ ಗುಣ ಗೊತ್ತಿರಬೇಕು.

ಒಂದು ಸಲ ಹೋಗಿ ಬಂದು ಬರೆದರೆ ನಡೆಯುತ್ತಾ?

ನಡೆಯುತ್ತದೆ, ಒಂದೇ ಸಲ ಹೋಗಿದ್ದೆ ಎಂದು ಬರೆದರೆ. ಆದರೆ ಒಂದು ಹೋಟೆಲಿನ ಮೇಲೆ ತೀರ್ಪು ಕೊಡುವುದಾದರೆ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ. ಬೆಳಿಗ್ಗೆ ಹೊಸ ಹಿಟ್ಟಿನ ದೋಸೆಗೂ ಸಂಜೆ ಹುಳಿ ಬಂದ ಹಿಟ್ಟಿನ ದೋಸೆಗೂ ಎಷ್ಟೋ ವ್ಯತ್ಯಾಸ ಇರುತ್ತದೆ. ಭಾನುವಾರ ನೂಕುನುಗ್ಗಲು, ಮಂಗಳವಾರ ಖಾಲಿ. ದೋಸೆ ಹುಯ್ಯುವವರು ರಜೆ ಹಾಕಿದ ದಿನ ಹೋಟೆಲೇ ಬೇರೆಯಾಗಿರುತ್ತದೆ. ಅಂಗಡಿ ತೆರೆದ ಮೊದಲ ವಾರವಂತೂ ಹೋಗಲೇಬೇಡಿ. ಹೋದರೂ ಬರೆಯಬೇಡಿ.

ಮೊದಲ ಸಲ ಹೋದಾಗ ಏನು ಹೇಳಬೇಕು? ಎಲ್ಲ ಸ್ವಲ್ಪ ಸ್ವಲ್ಪ ತರಿಸಬೇಕಾ?

ಬೇಡ. ಪಕ್ಕದ ಟೇಬಲ್ಲಿನ ನಾಲ್ಕು ಜನ ಏನು ತಿನ್ನುತ್ತಿದ್ದಾರೆ ನೋಡಿ, ಅದನ್ನೇ ಹೇಳಿ. ಅದು ಆ ಹೋಟೆಲಿನಲ್ಲಿ ಹೆಚ್ಚು ಓಡುವ ಐಟಂ, ಹಾಗಾಗಿ ಹಳಸಿರುವ ಭಯ ಕಡಿಮೆ. ಜೊತೆಗೆ ಒಂದು ಸಾದಾ ಐಟಂ ಇರಲಿ: ಅನ್ನ ಸಾರು, ಇಲ್ಲ ಒಂದು ಕಾಫಿ. ಬೆಣ್ಣೆ, ಚೀಸು, ಮಸಾಲೆ ತಪ್ಪನ್ನು ಮುಚ್ಚುತ್ತವೆ. ಸಾರು ಮುಚ್ಚುವುದಿಲ್ಲ.

ಐದಕ್ಕೆ ಎಷ್ಟು ಸ್ಟಾರ್ ಕೊಡಬೇಕು ಅಂತಾನೇ ಗೊತ್ತಾಗಲ್ಲ

ನನಗೂ ಸ್ಟಾರ್ ಕಂಡರೆ ಆಗುವುದಿಲ್ಲ. ಒಬ್ಬ ಪಾರ್ಕಿಂಗ್ ಇಲ್ಲವೆಂದು ಒಂದು ಸ್ಟಾರ್ ಕೊಡುತ್ತಾನೆ, ಇನ್ನೊಬ್ಬ ಮಾಲೀಕರು ಭಾವನ ಗೆಳೆಯ ಎಂದು ಐದು ಕೊಡುತ್ತಾನೆ. ಸರಾಸರಿ ಬರುವುದು ಮೂರು. ಆ ಮೂರಕ್ಕೆ ಅರ್ಥವೇ ಇಲ್ಲ. ಕೊಡಲೇಬೇಕಾದರೆ ನನ್ನ ಲೆಕ್ಕ ಇಷ್ಟು: ಮತ್ತೆ ದುಡ್ಡು ಕೊಟ್ಟು ಹೋಗುತ್ತೇನೆ ಅಂದರೆ ನಾಲ್ಕು, ನೆಂಟರನ್ನು ಕರೆದುಕೊಂಡು ಹೋಗುತ್ತೇನೆ ಅಂದರೆ ಐದು, ಬೇರೆ ಗತಿ ಇಲ್ಲದಿದ್ದರೆ ಹೋಗುತ್ತೇನೆ ಅಂದರೆ ಎರಡು.

## ನಮ್ಮೂರ ತಿಂಡಿ, ನಮ್ಮೂರ ಊಟ

ಬೆಣ್ಣೆ ದೋಸೆ ಎಲ್ಲಾ ಕಡೆ ಒಂದೇ ತರ ಇರುತ್ತಲ್ಲ, ಅದರಲ್ಲಿ ಏನು ನೋಡ್ತೀರಿ?

ಒಂದೇ ತರ ಇರುವುದಿಲ್ಲ. ಎದುರುಬದುರು ಇರುವ ಎರಡು ಅಂಗಡಿಗಳಲ್ಲೇ ಒಂದೇ ತರ ಇರುವುದಿಲ್ಲ.

ಹೆಂಚಿನ ಹತ್ತಿರ ಹೋಗಿ ನಿಲ್ಲಿ. ಬಹಳ ಕಡೆ ಹೆಂಚು ಬೀದಿಗೇ ಮುಖ ಮಾಡಿರುತ್ತದೆ, ಯಾರೂ ಬೇಡ ಅನ್ನುವುದಿಲ್ಲ. ಒಲೆಗೆ ಸೌದೆ ಹಾಕಿದ್ದಾರಾ, ಗ್ಯಾಸಾ ನೋಡಿ. ಸೌದೆ ಒಲೆಯ ಹೆಂಚು ನಡುವೆ ಒಂದು ಕಾವು, ಅಂಚಿಗೆ ಒಂದು ಕಾವು. ಅನುಭವ ಇರುವವರು ದೋಸೆಯನ್ನು ಅದಕ್ಕೆ ತಕ್ಕ ಹಾಗೆ ಸರಿಸುತ್ತಾ ಇರುತ್ತಾರೆ. ಹೆಂಚಿಗೆ ನೀರು ಚಿಮುಕಿಸಿ, ಕಡ್ಡಿ ಪೊರಕೆಯಲ್ಲಿ ಒಮ್ಮೆ ಎಳೆದು, ಚುಯ್ ಅನ್ನುವ ಸದ್ದು ಇಳಿದ ಮೇಲೆ ಹಿಟ್ಟು ಹುಯ್ಯುತ್ತಾರೆ. ಅವಸರದ ಅಂಗಡಿಯಲ್ಲಿ ಈ ಸದ್ದಿಗೆ ಕಾಯುವುದಿಲ್ಲ. ಅಲ್ಲಿಯ ದೋಸೆ ನಡುವೆ ಬೆಳ್ಳಗೆ, ಹಸಿಹಸಿ.

ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿ ನೆನೆಸಿ ರುಬ್ಬುವುದು ನಮ್ಮ ಕಡೆಯ ರೂಢಿ. ಒಳ್ಳೆಯ ದೋಸೆ ಅಂಚಿನಲ್ಲಿ ಗರಿಗರಿ, ಒಳಗೆ ತೂತು ತೂತಾಗಿ ಮೆತ್ತಗೆ. ಪೇಪರ್ ದೋಸೆಯ ಹಾಗೆ ಪೂರ್ತಿ ಗರಿಗರಿ ಆದರೆ ಹಿಟ್ಟು ತೆಳು ಎಳೆದಿದ್ದಾರೆ ಎಂದರ್ಥ. ಬೆಣ್ಣೆ ಎರಡು ಸಲ ನೋಡಿ: ಬೇಯುವಾಗ ಸುತ್ತ ಹಾಕಿದ್ದು, ತಟ್ಟೆಗೆ ಬಂದಾಗ ಮೇಲಿಟ್ಟ ಉಂಡೆ. ತಟ್ಟೆಯಲ್ಲಿ ಬೆಣ್ಣೆ ಕರಗುವ ಹೊತ್ತಿಗೆ ಮೂಗಿಗೆ ಬರುವ ವಾಸನೆಯೇ ಪರೀಕ್ಷೆ. ಹುಳಿ ಕಮಟು ಬಂದರೆ ಬೆಣ್ಣೆ ಹಳೇದು. ವಾಸನೆಯೇ ಇಲ್ಲದೆ ಬಾಯಿಗೆ ಅಂಟಿಕೊಂಡರೆ ಅದು ಬೆಣ್ಣೆಯೇ ಅಂತ ನನಗೆ ನಂಬಿಕೆ ಬರುವುದಿಲ್ಲ.

ಪಲ್ಯ ನಮ್ಮಲ್ಲಿ ಬೆಳ್ಳಗೆ, ಸಪ್ಪೆಗೆ ಹತ್ತಿರ. ಆಲೂಗಡ್ಡೆ, ಈರುಳ್ಳಿ, ಅಷ್ಟೇ. ಖಾರ ಇರುವುದು ಚಟ್ನಿಯಲ್ಲಿ. ಹೊರಗಿನಿಂದ ಬಂದವರು 'ಪಲ್ಯಕ್ಕೆ ರುಚಿ ಇಲ್ಲ, ಚಟ್ನಿ ನೀರು' ಎಂದು ಬರೆದಿರುವುದನ್ನು ನೋಡಿದ್ದೇನೆ. ಮೂರನ್ನೂ ಒಟ್ಟಿಗೆ ಮುರಿದು ಬಾಯಿಗಿಟ್ಟರೆ ಲೆಕ್ಕ ಸರಿ ಹೋಗುತ್ತದೆ. ಬೇರೆ ಬೇರೆ ತಿಂದು ಬೇರೆ ಬೇರೆ ಮಾರ್ಕ್ಸ್ ಹಾಕಿದರೆ ಹೋಗುವುದಿಲ್ಲ.

ಬೆಂಗಳೂರಲ್ಲಿ ಗಲ್ಲಿಗೊಂದು 'ದಾವಣಗೆರೆ ಬೆಣ್ಣೆ ದೋಸೆ' ಬೋರ್ಡ್ ಇದೆ. ಅದು ಒರಿಜಿನಲ್ಲಾ?

ಈ ದೋಸೆಯ ಕಥೆಯೇ ವಲಸೆಯ ಕಥೆ. ಚೆನ್ನಮ್ಮ ಎಂಬುವವರು 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದರು, ನಾಟಕದ ಥಿಯೇಟರಿನ ಹೊರಗೆ ರಾಗಿ ದೋಸೆ ಮಾರುತ್ತಿದ್ದರು, ಮಕ್ಕಳ ಕಾಲಕ್ಕೆ ಅದು ಅಕ್ಕಿ, ಉದ್ದು, ಮಂಡಕ್ಕಿಯ ದೋಸೆ ಆಯಿತು ಎಂದು ಊರಲ್ಲಿ ಹೇಳುತ್ತಾರೆ. ಬೆಳಗಾವಿಯಿಂದ ದಾವಣಗೆರೆಗೆ ಬರಬಹುದಾದರೆ ದಾವಣಗೆರೆಯಿಂದ ಬೆಂಗಳೂರಿಗೆ ಯಾಕೆ ಹೋಗಬಾರದು? ಆ ಬೋರ್ಡು ಹಾಕಿದವರನ್ನು ಅಳೆಯುವಾಗ ಹುಟ್ಟಿದ ಊರು ಕೇಳಬೇಡಿ. ಬೆಣ್ಣೆ ಬೆಣ್ಣೆಯಾ, ಹಿಟ್ಟಿನಲ್ಲಿ ಮಂಡಕ್ಕಿ ಇದೆಯಾ, ಪಲ್ಯಕ್ಕೆ ಅರಿಶಿನ ಸುರಿದಿದ್ದಾರಾ, ಇವನ್ನು ಕೇಳಿ.

ಮಂಡಕ್ಕಿ-ಮಿರ್ಚಿ ಗಾಡಿಗೂ ವಿಮರ್ಶೆನಾ? ಅತಿ ಆಯ್ತು ಅನ್ಸಲ್ವಾ?

ಸಂಜೆ ಈ ಊರು ತಿನ್ನುವುದೇ ಅದನ್ನು. ಭಟ್ಟಿಯಲ್ಲಿ ಹುರಿದ ಮಂಡಕ್ಕಿ ಇದೇ ಊರಿನದು, ಬೇರೆ ಜಿಲ್ಲೆಗಳಿಗೂ ಹೋಗುತ್ತದೆ. ಅದನ್ನು ಬಿಟ್ಟು ಬರೀ ಪಿಜ್ಜಾ ಬಗ್ಗೆ ಬರೆದರೆ ಅತಿ ಆಗುವುದು ಅದು.

ಗಾಡಿಯಲ್ಲಿ ನಾನು ನೋಡುವುದು ಎಣ್ಣೆಯನ್ನು. ಬಾಣಲೆಯಲ್ಲಿ ಎಣ್ಣೆ ಕಪ್ಪಾಗಿ, ಅಂಚಿನಲ್ಲಿ ನೊರೆ ನಿಂತಿದ್ದರೆ ಅದು ನಿನ್ನೆಯದೋ ಮೊನ್ನೆಯದೋ. ಮಿರ್ಚಿಯನ್ನು ಮುರಿದು ನೋಡಿ: ಹೊರಗಿನ ಕಡಲೆಹಿಟ್ಟು ಒಳಗಿನ ಮೆಣಸಿನಕಾಯಿಗೆ ಅಂಟಿಕೊಂಡಿರಬೇಕು, ಕೋಟು ಬಿಚ್ಚಿದ ಹಾಗೆ ಬೇರೆ ಬರಬಾರದು. ಮಂಡಕ್ಕಿಗೆ ಒಗ್ಗರಣೆ ಕಲಸಿದ ತಕ್ಷಣ ಕೊಟ್ಟರಾ, ಇಲ್ಲ ಮೊದಲೇ ಕಲಸಿಟ್ಟಿದ್ದರಾ? ಕಲಸಿಟ್ಟದ್ದು ಮೆತ್ತಗಾಗಿರುತ್ತದೆ. ನರ್ಗೀಸ್ ಮಂಡಕ್ಕಿ ಆದರೆ ಒಣಗಿಯೇ ಇರಬೇಕು, ಕೈಗೆ ಎಣ್ಣೆ ಹತ್ತಬಾರದು.

ಖಾನಾವಳಿ ಊಟವನ್ನು ಹೇಗೆ ಅಳೆಯೋದು? ದಿನಾ ಬೇರೆ ಬೇರೆ ಪಲ್ಯ ಇರುತ್ತಲ್ಲ

ಅದೇ ಅದರ ಸೊಗಸು. ಹಾಗಾಗಿ ಪಲ್ಯದ ಹೆಸರು ಹಿಡಿದು ಬರೆಯಬೇಡಿ, ಕ್ರಮ ಹಿಡಿದು ಬರೆಯಿರಿ. ರೊಟ್ಟಿ ಬಡಿಯುವ ಸದ್ದು ಒಳಗಿನಿಂದ ಕೇಳುತ್ತಿದೆಯಾ? ಜೋಳದ ರೊಟ್ಟಿ ತಟ್ಟೆಗೆ ಬಂದಾಗ ಮಡಚಲು ಬರುತ್ತದಾ? ಕಾಳು ಪಲ್ಯ ಒಂದು, ಸೊಪ್ಪು ಅಥವಾ ಎಣ್ಣೆಗಾಯಿ ಒಂದು, ಹಸಿ ಈರುಳ್ಳಿ, ಶೇಂಗಾ ಚಟ್ನಿ, ಮೊಸರು, ಇಷ್ಟು ಇದ್ದರೆ ಊಟ. ಎರಡನೇ ರೊಟ್ಟಿ ಕೇಳುವ ಮೊದಲೇ 'ಇನ್ನೊಂದ್ ಹಾಕ್ಲೇನ್ರಿ' ಅಂತ ಬಂದರೆ, ಅದನ್ನು ತಪ್ಪದೆ ಬರೆಯಿರಿ. ಒಬ್ಬಂಟಿಯಾಗಿ ಊಟಕ್ಕೆ ಬರುವ ಹುಡುಗರಿಗೆ, ಡ್ಯೂಟಿ ಮುಗಿಸಿ ಬರುವ ನರ್ಸ್‌ಗಳಿಗೆ ಆ ಮಾತು ದೊಡ್ಡದು. ಎಷ್ಟು ರೊಟ್ಟಿಯ ಮೇಲೆ ಬೇರೆ ದುಡ್ಡು ಅನ್ನುವುದನ್ನೂ ಬರೆಯಿರಿ, ಜಗಳ ತಪ್ಪುತ್ತದೆ.

ಗೋಬಿ ಕೆಂಪಗೇ ಇರಲ್ಲ ಈಗ. ಅದಕ್ಕೆ ಮಾರ್ಕ್ಸ್ ಕಟ್ ಮಾಡ್ಲಾ?

ಮಾಡಬೇಡಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬೊಂಬಾಯಿ ಮಿಠಾಯಿಗೆ ಹಾಕುತ್ತಿದ್ದ ರೋಡಮೈನ್-ಬಿ ಬಣ್ಣಕ್ಕೂ ಆಗಲೇ ತಡೆ ಬಿತ್ತು. ಅದೇ ವರ್ಷ ಜೂನ್‌ನಲ್ಲಿ ಕಬಾಬಿಗೂ ಅದೇ ನಿಯಮ ಬಂತು. ಮಣ್ಣಿನ ಬಣ್ಣದ ಗೋಬಿ ಕೊಡುವವನು ನಿಯಮ ಪಾಲಿಸಿದ್ದಾನೆ. ತಿಂದ ಮೇಲೆ ಬೆರಳು ಕೆಂಪಾದರೆ ಅದನ್ನು ಬರೆಯಿರಿ.

## ಟ್ಯಾಕೊ, ಫೋ ಮತ್ತು ಹೊರಗಿನ ಅಡುಗೆ

ಕೆಫೆಗಳಲ್ಲಿ ನಾಚೋಸು, ಟ್ಯಾಕೊ ಬಂದಿದೆ. ನಾನು ಮೆಕ್ಸಿಕೋ ನೋಡೇ ಇಲ್ಲ, ಏನಂತ ಬರೀಲಿ?

ಮೆಕ್ಸಿಕೋ ನೋಡಬೇಕಿಲ್ಲ. ಟ್ಯಾಕೊ ಅಂದರೆ ಮಡಚಿದ ತೆಳು ರೊಟ್ಟಿಯೊಳಗೆ ಪಲ್ಯವೋ ಮಾಂಸವೋ ತುಂಬಿದ್ದು. ನಮ್ಮ ಕೆಫೆಗಳಿಗೆ ಬರುವುದು ಹೆಚ್ಚಾಗಿ ಟೆಕ್ಸ್-ಮೆಕ್ಸ್, ಅಂದರೆ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಮೆಕ್ಸಿಕನ್ ಮೂಲದ ಮನೆಗಳಿಂದ ಬೆಳೆದ ಅಡುಗೆ. ಹಳದಿ ಚೀಸು, ಜೀರಿಗೆ, ಟಾರ್ಟಿಯಾ ಎಂಬ ಮೈದಾ ರೊಟ್ಟಿ, ಬೀನ್ಸು ಅದರ ಗುರುತು. ಜೀರಿಗೆ ನಮಗೆ ಹೊಸದೇ? 19ನೇ ಶತಮಾನದ ಕೊನೆಗೆ ಸ್ಯಾನ್ ಆಂಟೋನಿಯೊ ಊರಿನ ಚೌಕಗಳಲ್ಲಿ ಹೆಂಗಸರು ಸಂಜೆ ಒಲೆ ಹಚ್ಚಿ 'ಚಿಲಿ' ಎಂಬ ಖಾರದ ಮಾಂಸದ ಸಾರು ಮಾರುತ್ತಿದ್ದರು. ನಮ್ಮ ದೋಸೆಯ ಹಾಗೆ ಅದೂ ಬೀದಿಯಿಂದಲೇ ಹೋಟೆಲಿಗೆ ಹತ್ತಿದ್ದು. ನಾಚೋಸು 1940ರ ದಶಕದ್ದು. ಗಡಿಯ ಪಿಯೆದ್ರಾಸ್ ನೆಗ್ರಾಸ್ ಊರಿನಲ್ಲಿ ಇಗ್ನಾಸಿಯೊ ಅನಾಯಾ ಎಂಬುವರು ಕೈಗೆ ಸಿಕ್ಕ ಚಿಪ್ಸು, ಚೀಸು, ಮೆಣಸಿನಕಾಯಿ ಸೇರಿಸಿ ಗಿರಾಕಿಗಳಿಗೆ ಮಾಡಿಕೊಟ್ಟ ತಿಂಡಿ ಅದು.

ತಟ್ಟೆಯಲ್ಲಿ ಏನು ನೋಡಬೇಕು? ಚಿಪ್ಸು ಬೆಚ್ಚಗಿದೆಯಾ, ಪ್ಯಾಕೆಟ್ಟಿನಿಂದ ಸುರಿದದ್ದಾ. ಚೀಸು ಎಲ್ಲ ಚಿಪ್ಸಿಗೂ ಹತ್ತಿದೆಯಾ, ಮೇಲಿನ ಐದಕ್ಕೆ ಮಾತ್ರವಾ. ಸಾಲ್ಸಾ ಎಂದರೆ ಟೊಮೆಟೊ, ಈರುಳ್ಳಿ, ಕೊತ್ತಂಬರಿ, ಹಸಿಮೆಣಸು, ನಿಂಬೆ. ಇಷ್ಟೂ ಸಂಜೆ ಸಂತೆಯಲ್ಲಿ ಸಿಗುವ ಸಾಮಾನು. ಅದನ್ನೂ ಕೆಚಪ್ಪಿನ ಹಾಗೆ ಸಿಹಿ ಮಾಡಿ ಕೊಟ್ಟರೆ ಕ್ಷಮಿಸಲು ಕಾರಣವಿಲ್ಲ.

ಟಾರ್ಟಿಯಾ ಅಂದ್ರೆ ಮೆಕ್ಕೆಜೋಳದ ರೊಟ್ಟಿನೇ ಅಲ್ವಾ? ನಮ್ಮ ಜಿಲ್ಲೆ ತುಂಬಾ ಮೆಕ್ಕೆಜೋಳ ಇದೆ, ಇಲ್ಯಾಕೆ ಚೆನ್ನಾಗಿ ಆಗಲ್ಲ?

ಒಳ್ಳೆಯ ಪ್ರಶ್ನೆ. ಜಗಳೂರು, ಹೊನ್ನಾಳಿ ಕಡೆ ಮಳೆಗಾಲದಲ್ಲಿ ಕಣ್ಣು ಹಾಯಿಸಿದಷ್ಟು ಮೆಕ್ಕೆಜೋಳವೇ. ಅದರಲ್ಲಿ ಬಹುಪಾಲು ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ.

ಟಾರ್ಟಿಯಾಕ್ಕೆ ಒಣ ಹಿಟ್ಟು ಸಾಲದು. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು, ಸಿಪ್ಪೆ ಬಿಡುವ ಹಾಗೆ ತಿಕ್ಕಿ ತೊಳೆದು, ಹಸಿಯಾಗಿಯೇ ಅರೆಯಬೇಕು. ಸುಣ್ಣದಿಂದ ಹಿಟ್ಟಿಗೆ ಜಿಗುಟು ಬರುತ್ತದೆ, ಕಾಳಿನಲ್ಲಿರುವ ನಿಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುತ್ತದೆ. ಇದನ್ನು ಮಾಡದೆ ಬರೀ ಮೆಕ್ಕೆಜೋಳದ ಹಿಟ್ಟು ಕಲಸಿದರೆ ಮಡಚಿದ ಕೂಡಲೇ ಮುರಿಯುತ್ತದೆ. ಅದಕ್ಕೇ ಬಹಳ ಕೆಫೆಗಳು ಮೈದಾ ಟಾರ್ಟಿಯಾ ಅಥವಾ ಡಬ್ಬಿಯಲ್ಲಿ ಬರುವ ಗಟ್ಟಿ ಟ್ಯಾಕೊ ಚಿಪ್ಪು ಬಳಸುತ್ತವೆ. ಮೈದಾದ್ದು ಟೆಕ್ಸಾಸಿನಲ್ಲೂ ಮಾಮೂಲಿ, ಅದು ತಪ್ಪಲ್ಲ. 'ಕಾರ್ನ್ ಟಾರ್ಟಿಯಾ' ಎಂದು ಮೆನುವಿನಲ್ಲಿ ಬರೆದು ಮೈದಾ ಕೊಟ್ಟರೆ ಮಾತ್ರ ತಪ್ಪು.

ಮಗಳು ಹ್ಯೂಸ್ಟನ್‌ನಲ್ಲಿದ್ದಾಳೆ, ಹೋದ್ರೆ ಟೆಕ್ಸ್-ಮೆಕ್ಸು, ವಿಯೆಟ್ನಾಂ ಹೋಟೆಲಿಗೇ ಕರ್ಕೊಂಡು ಹೋಗ್ತಾಳೆ. ನಾವು ಸಸ್ಯಾಹಾರಿಗಳು. ಏನು ಕೇಳ್ಬೇಕು?

ಈ ಪ್ರಶ್ನೆ ಈಚೆಗೆ ಜಾಸ್ತಿ ಬರುತ್ತಿದೆ, ಹೆಚ್ಚಾಗಿ ರಿಟೈರ್ ಆದವರಿಂದ. ಆ ಊರಿನಲ್ಲಿ ಎರಡೂ ಅಡುಗೆ ಬೀದಿ ಬೀದಿಯಲ್ಲಿದೆ. 1975ರಲ್ಲಿ ವಿಯೆಟ್ನಾಂ ಯುದ್ಧ ಮುಗಿದ ಮೇಲೆ ಸಾವಿರಾರು ಕುಟುಂಬಗಳು ಅಲ್ಲಿ ನೆಲೆಸಿದವು. ಬೆಲ್ಲೇರ್ ರಸ್ತೆಯ ಉದ್ದಕ್ಕೂ ಅವರ ಹೋಟೆಲುಗಳಿವೆ.

ಟೆಕ್ಸ್-ಮೆಕ್ಸ್ ಕಡೆ ಕೂತ ಕೂಡಲೇ ಚಿಪ್ಸು, ಸಾಲ್ಸಾ ತಂದಿಡುತ್ತಾರೆ. ಸಾಮಾನ್ಯವಾಗಿ ಅದಕ್ಕೆ ದುಡ್ಡಿಲ್ಲ. ಅದನ್ನೇ ಹೊಟ್ಟೆ ತುಂಬಾ ತಿಂದು ಊಟ ಬಿಡುವವರು ನಾವೊಬ್ಬರೇ ಅಲ್ಲ. ಕೇಳಬೇಕಾದ್ದು ಎರಡು. ಅರೆದು ಹುರಿದ ಬೀನ್ಸಿಗೆ ಹಂದಿ ಕೊಬ್ಬು ಹಾಕಿದ್ದೀರಾ? ಕೆಂಪು ಅನ್ನವನ್ನು ಕೋಳಿ ರಸದಲ್ಲಿ ಬೇಯಿಸಿದ್ದೀರಾ? ಎರಡೂ ಕಣ್ಣಿಗೆ ಕಾಣುವುದಿಲ್ಲ.

ವಿಯೆಟ್ನಾಂ ಹೋಟೆಲಿನಲ್ಲಿ ಬರೀ ತರಕಾರಿ ಕಾಣುವ ತಟ್ಟೆಯಲ್ಲೂ ಮೀನಿನ ಸಾಸು ಇರಬಹುದು. 'ಚಾಯ್' ಎಂದು ಬೋರ್ಡು ಇರುವ ಹೋಟೆಲು ಹುಡುಕಿ, ಅದು ಬೌದ್ಧರ ಸಸ್ಯಾಹಾರಿ ಅಡುಗೆ. ಅವರಲ್ಲೂ ಬಹಳ ಜನ ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಮಾಂಸ ಬಿಡುತ್ತಾರೆ. ನಮ್ಮವರಿಗೆ ವಿವರಿಸುವ ಕಷ್ಟವೇ ಇಲ್ಲ.

ಫೋ ತಿಂದೆ ಅಣ್ಣ, ಸಪ್ಪೆ ನೀರು. ಹಂಗೇ ಬರೀಲಾ?

ಫೋ ಅಂದರೆ ಅಕ್ಕಿ ಶ್ಯಾವಿಗೆ ಹಾಕಿದ ವಿಯೆಟ್ನಾಮಿನ ಬಿಸಿ ರಸ. ಬರೆಯುವ ಮೊದಲು ಒಂದು ಕೇಳುತ್ತೇನೆ. ಪಕ್ಕದ ತಟ್ಟೆಯಲ್ಲಿ ಬಂದ ನಿಂಬೆ, ಹಸಿಮೆಣಸು, ಮೊಳಕೆ ಕಾಳು, ಸೊಪ್ಪು ಹಾಕಿಕೊಂಡಿರಾ? ದಕ್ಷಿಣ ವಿಯೆಟ್ನಾಂ ಪದ್ಧತಿಯಲ್ಲಿ ಕೊನೆಯ ಒಗ್ಗರಣೆ ತಿನ್ನುವವರದ್ದೇ. ಮೂಲದಲ್ಲಿ ಫೋ ಉತ್ತರದ ಹನೋಯ್ ಕಡೆಯದು. ಅಲ್ಲಿ ಮೇಲೆ ಹಾಕಿಕೊಳ್ಳುವುದು ಕಡಿಮೆ, ರಸವೇ ಮುಖ್ಯ. ದನದ ಎಲುಬನ್ನು ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಕುದಿಸುತ್ತಾರೆ. ಕೆಂಡದ ಮೇಲೆ ಸುಟ್ಟ ಶುಂಠಿ, ಈರುಳ್ಳಿ, ಚಕ್ಕೆ, ಲವಂಗ, ಚಕ್ರಮೊಗ್ಗು ಅದಕ್ಕೆ ಬೀಳುತ್ತವೆ. ಪಲಾವಿನ ಮಸಾಲೆಯೇ, ಆದರೆ ಖಾರ ಇಲ್ಲ, ಎಣ್ಣೆ ಇಲ್ಲ.

ಹಾಗಾಗಿ ಸಾರಿನ ಖಾರ ಹುಡುಕಿ ಹೋದವರಿಗೆ ಸಪ್ಪೆ ಅನ್ನಿಸುವುದು ಸಹಜ. ನೋಡಬೇಕಾದ್ದು: ರಸ ತಿಳಿಯಾಗಿದೆಯಾ, ಬಟ್ಟಲು ಮುಟ್ಟಲಾರದಷ್ಟು ಬಿಸಿ ಇದೆಯಾ, ಅಕ್ಕಿ ಶ್ಯಾವಿಗೆ ಎಳೆ ಎಳೆಯಾಗಿದೆಯಾ, ಮುದ್ದೆ ಕಟ್ಟಿದೆಯಾ. ಬೆಂಗಳೂರಿನಲ್ಲಿ ತರಕಾರಿ ಫೋ ಕೊಡುವವರು ಎಲುಬಿನ ಬದಲಿಗೆ ಅಣಬೆ, ಮೂಲಂಗಿ ಹಾಕಿ ರಸ ಕಟ್ಟಬೇಕಾಗುತ್ತದೆ. ಅದು ಕಷ್ಟದ ಕೆಲಸ. ಅಂಗಡಿಯ ಸೂಪ್ ಕ್ಯೂಬು ಕರಗಿಸಿ ಕೊಟ್ಟಿದ್ದರೆ ಎರಡನೇ ಚಮಚಕ್ಕೆ ಗೊತ್ತಾಗುತ್ತದೆ, ಬಾಯಲ್ಲಿ ಉಪ್ಪು ಮಾತ್ರ ಉಳಿಯುತ್ತದೆ. ಇಷ್ಟೂ ನೋಡಿದ ಮೇಲೂ ಸಪ್ಪೆ ಅನ್ನಿಸಿದರೆ ಸಪ್ಪೆ ಅಂತಲೇ ಬರೆಯಿರಿ.

ಪನೀರ್ ಟ್ಯಾಕೊ, ತಂದೂರಿ ಬಾನ್ ಮಿ... ಇವೆಲ್ಲ ಮೋಸ ಅಲ್ವಾ?

ಬಾನ್ ಮಿಯೇ ಒಂದು ಬೆರಕೆ. ಫ್ರೆಂಚರು ತಂದ ಬ್ರೆಡ್ಡಿಗೆ ವಿಯೆಟ್ನಾಮಿನವರು ಉಪ್ಪಿನಕಾಯಿ ಹಾಕಿದ ಕ್ಯಾರೆಟ್ಟು, ಮೂಲಂಗಿ, ಕೊತ್ತಂಬರಿ, ಮೆಣಸಿನಕಾಯಿ ತುಂಬಿದರು. ಅದಕ್ಕೆ ತಂದೂರಿ ಹಾಕಿದ ತಕ್ಷಣ ಆಕಾಶ ಬೀಳುವುದಿಲ್ಲ. ಬ್ರೆಡ್ಡಿನ ಮೇಲ್ಪದರ ತೆಳ್ಳಗೆ ಚಟ್ ಅನ್ನಬೇಕು, ಒಳಗೆ ಹಗುರ ಇರಬೇಕು, ಹುಳಿ ತರಕಾರಿ ಕಚ್ಚಿದ ಕಡೆಯೆಲ್ಲ ಸಿಗಬೇಕು. ಇದು ಇದ್ದರೆ ತಂದೂರಿ ಆದರೇನು. ಸಿಹಿ ಬನ್ನಿಗೆ ಮಯೋನೀಸು ಸುರಿದು ಅದೇ ಹೆಸರಿಟ್ಟರೆ, ಆಗ ಮೋಸ ಅನ್ನಿ.

## ದುಡ್ಡು, ಬಿಲ್ಲು, ಶುಚಿ

ಬಿಲ್ಲಲ್ಲಿ ಸರ್ವಿಸ್ ಚಾರ್ಜ್ ಹಾಕಿದ್ರು. ಕೊಡಲೇಬೇಕಾ? ವಿಮರ್ಶೇಲಿ ಬರೀಬಹುದಾ?

ಕೊಡಲೇಬೇಕೆಂದಿಲ್ಲ. 2022ರ ಜುಲೈಯಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ, ಹೋಟೆಲಿನವರು ತಾವಾಗಿಯೇ ಬಿಲ್ಲಿಗೆ ಸರ್ವಿಸ್ ಚಾರ್ಜ್ ಸೇರಿಸಬಾರದು ಎಂದು ಹೇಳಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ತೆಗೆಯಲು ಹೇಳಿ, ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಬಹುದು. ಜಿಎಸ್‌ಟಿ ಬೇರೆ ಮಾತು. ಸಾಮಾನ್ಯ ಹೋಟೆಲಿಗೆ ಅದು 5 ಪರ್ಸೆಂಟ್. ಕಾಂಪೋಸಿಷನ್ ಯೋಜನೆಯಲ್ಲಿರುವ, ಅಂದರೆ ಒಟ್ಟು ವ್ಯಾಪಾರದ ಮೇಲೆ ಇಂತಿಷ್ಟು ಎಂದು ತಾನೇ ತೆರಿಗೆ ಕಟ್ಟುವ ಸಣ್ಣ ಹೋಟೆಲು ಗಿರಾಕಿಯಿಂದ ಜಿಎಸ್‌ಟಿ ವಸೂಲು ಮಾಡುವ ಹಾಗಿಲ್ಲ.

ವಿಮರ್ಶೆಯಲ್ಲಿ ಖಂಡಿತ ಬರೆಯಿರಿ. ಫೋನಲ್ಲಿ ದುಡ್ಡು ತೆಗೆದುಕೊಳ್ಳುತ್ತಾರಾ, ಕ್ಯಾಶ್ ಮಾತ್ರವಾ ಅನ್ನುವುದನ್ನೂ ಸೇರಿಸಿ. 2025ರ ಜುಲೈಯಲ್ಲಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಬಂದ ಮೇಲೆ ಕೆಲವು ಕಡೆ ಕ್ಯೂಆರ್ ಸ್ಟಿಕ್ಕರೇ ಮಾಯವಾಗಿತ್ತು.

ಅಡುಗೆ ಮನೆ ಒಳಗೆ ಬಿಡಲ್ಲ. ಶುಚಿ ಇದೆಯಾ ಅಂತ ಹೇಗೆ ಗೊತ್ತಾಗುತ್ತೆ?

ಒಳಗೆ ಹೋಗದೆ ಗೊತ್ತಾಗುವುದು ಬೇಕಾದಷ್ಟಿದೆ. ಕೈ ತೊಳೆಯುವ ಜಾಗದಲ್ಲಿ ಸೋಪು ಇದೆಯಾ? ಟೇಬಲ್ ಒರೆಸುವ ಬಟ್ಟೆ ಯಾವ ಬಣ್ಣಕ್ಕೆ ತಿರುಗಿದೆ? ನೀರಿನ ಲೋಟದ ಒಳಗೆ ಬೆರಳು ಹಾಕಿ ನಾಲ್ಕು ಲೋಟ ಒಟ್ಟಿಗೆ ತರುತ್ತಾರಾ? ದುಡ್ಡು ಮುಟ್ಟಿದ ಕೈಯಲ್ಲೇ ಚಟ್ನಿ ಹಾಕುತ್ತಾರಾ? ತಟ್ಟೆ ತೊಳೆಯುವ ಬಕೆಟ್ಟಿನ ನೀರು ನೋಡಿದರೆ ಅರ್ಧ ವಿಮರ್ಶೆ ಮುಗಿಯಿತು. ಇಡ್ಲಿ ತಟ್ಟೆಗೆ ಬಟ್ಟೆ ಹಾಕಿದ್ದಾರಾ, ಪ್ಲಾಸ್ಟಿಕ್ ಹಾಳೆಯಾ ನೋಡಿ. ಪ್ಲಾಸ್ಟಿಕ್ಕಿಗೆ 2025ರಲ್ಲಿ ರಾಜ್ಯದಲ್ಲಿ ನಿಷೇಧ ಬಂದಿದೆ. ಗೋಡೆಯ ಮೇಲೆ, ಬಿಲ್ಲಿನ ಮೇಲೆ 14 ಅಂಕಿಯ ಆಹಾರ ಸುರಕ್ಷತಾ ನಂಬರು ಇರಬೇಕು. ಆದರೆ ನಂಬರು ಇದ್ದ ಮಾತ್ರಕ್ಕೆ ಬಕೆಟ್ಟಿನ ನೀರು ತಿಳಿಯಾಗುವುದಿಲ್ಲ.

ಊಟ ಮಾಡಿ ರಾತ್ರಿಯೆಲ್ಲ ಹೊಟ್ಟೆ ಕೆಟ್ಟಿತು. ಹೋಟೆಲ್ ಹೆಸರು ಹಾಕಿ ಬರೀಲಾ?

ಅವಸರ ಬೇಡ. ಹೊಟ್ಟೆ ಕೆಡಿಸುವ ಕೆಲವು ರೋಗಾಣುಗಳು ಒಂದೆರಡು ಗಂಟೆಯಲ್ಲಿ ಆಟ ಶುರು ಮಾಡುತ್ತವೆ, ಕೆಲವಕ್ಕೆ ಎರಡು ಮೂರು ದಿನ ಬೇಕು. ಕೊನೆಗೆ ತಿಂದದ್ದೇ ಕಾರಣ ಎಂದು ಹೇಳಲಾಗುವುದಿಲ್ಲ. ಜೊತೆಗೆ ತಿಂದ ಬೇರೆಯವರಿಗೂ ಆಗಿದೆಯಾ ಕೇಳಿ. ಆಗಿದ್ದರೆ ವಿಮರ್ಶೆಗಿಂತ ಮೊದಲು ಡಾಕ್ಟರು, ಆಮೇಲೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ದೂರು. ಅನ್ನ ಹಳಸಿ ವಾಸನೆ ಬರುತ್ತಿತ್ತು, ಚಿಕನ್ ಒಳಗೆ ಕೆಂಪಗಿತ್ತು ಎಂದು ಕಣ್ಣಾರೆ ನೋಡಿದ್ದರೆ ಅದನ್ನು ಬರೆಯಬಹುದು.

## ತಲೆನೋವಿನ ಪ್ರಶ್ನೆಗಳು

ಮಾಲೀಕರು ಪರಿಚಯದವರು. ದುಡ್ಡೇ ತಗೊಳ್ಳಲ್ಲ ಅಂತಾರೆ. ಏನ್ ಮಾಡೋದು?

ದಾವಣಗೆರೆಯಂಥ ಊರಲ್ಲಿ ಇದು ದಿನದ ಪಾಡು. ಹೋಟೆಲಿನವರು ಒಂದೋ ಸಂಬಂಧಿ, ಇಲ್ಲ ಕ್ಲಾಸ್‌ಮೇಟ್, ಇಲ್ಲ ಅಪ್ಪನ ಜೊತೆ ಮಿಲ್ಲಿನಲ್ಲಿ ಇದ್ದವರ ಮಗ. 'ಏ, ನಿಮ್ ಹತ್ರ ದುಡ್ ಇಸ್ಕೊಳ್ಳೋದೇನ್ರಿ, ಹೋಗ್ರಿ' ಅಂತ ಕೈ ಹಿಡಿದು ತಳ್ಳುತ್ತಾರೆ. ನಾನು ಮಾಡುವುದು ಇಷ್ಟು: ದುಡ್ಡನ್ನು ಗಲ್ಲಾ ಮೇಲೆ ಇಟ್ಟು ಹೊರಗೆ ಬರುತ್ತೇನೆ. ಅದಕ್ಕೂ ಬಿಡದಿದ್ದರೆ ಅವತ್ತಿನ ಊಟದ ಬಗ್ಗೆ ಬರೆಯುವುದಿಲ್ಲ. ಹತ್ತಿರದ ಸಂಬಂಧಿಕರ ಹೋಟೆಲಿನ ಬಗ್ಗೆ ಯಾವತ್ತೂ ಬರೆಯುವುದಿಲ್ಲ. ಮನೆಯಲ್ಲಿ ಇದಕ್ಕೆ ಮಾತು ಕೇಳಿದ್ದೇನೆ, ಇನ್ನೂ ಕೇಳುತ್ತಿದ್ದೇನೆ.

ರೀಲ್ಸ್ ಮಾಡೋರು ದುಡ್ಡು ತಗೊಂಡು 'ಸೂಪರ್' ಅಂತಾರಲ್ಲ, ಅದಕ್ಕೆ ಕಾನೂನಿಲ್ವಾ?

ಇದೆ. ದುಡ್ಡು, ಪುಕ್ಕಟೆ ಊಟ, ಉಡುಗೊರೆ ಏನೇ ಪಡೆದು ಹೊಗಳಿದರೂ ಅದನ್ನು ಎಲ್ಲರಿಗೂ ಕಾಣುವ ಹಾಗೆ ಹೇಳಬೇಕು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಇದನ್ನು ಬಿಡಿಸಿ ಹೇಳಿದೆ. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಜಾರಿ ಎಷ್ಟರ ಮಟ್ಟಿಗೆ ಅಂತ ನೀವೇ ನೋಡುತ್ತಿದ್ದೀರಿ. ನಾನು ಒಂದು ಗುರುತು ಇಟ್ಟುಕೊಂಡಿದ್ದೇನೆ: ಮೊದಲ ತುತ್ತು ಗಂಟಲಿಗಿಳಿಯುವ ಮೊದಲೇ ಕಣ್ಣು ಮುಚ್ಚಿ ತಲೆ ಆಡಿಸಿದರೆ, ಆ ವೀಡಿಯೊ ಮುಂದೆ ನೋಡುವುದಿಲ್ಲ.

ಕೆಟ್ಟದಾಗಿ ಬರೆದ್ರೆ ಕೇಸ್ ಹಾಕ್ತಾರಾ?

ಹಾಕುವುದಕ್ಕೆ ಯಾರಿಗೂ ತಡೆಯಿಲ್ಲ. 2024ರ ಜುಲೈ 1ರಿಂದ ಮಾನನಷ್ಟ ಬರುವುದು ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಕೆಳಗೆ. ಮೊದಲು ಐಪಿಸಿ 499, 500 ಇತ್ತಲ್ಲ, ಅದೇ. ಸಾರ್ವಜನಿಕರ ಒಳಿತಿಗಾಗಿ ಹೇಳಿದ ನಿಜಕ್ಕೆ ಅದರಲ್ಲೇ ವಿನಾಯಿತಿ ಇದೆ. ಹಾಗಾಗಿ ನೋಡಿದ್ದನ್ನು, ತಿಂದದ್ದನ್ನು, ಬಿಲ್ಲಿನಲ್ಲಿ ಇದ್ದದ್ದನ್ನು ತಾರೀಕು ಹಾಕಿ ಬರೆಯಿರಿ, ಫೋಟೊ ಇಟ್ಟುಕೊಳ್ಳಿ. 'ಸಾಂಬಾರು ತಣ್ಣಗಿತ್ತು' ಎಂಬುದಕ್ಕೆ ಯಾರೂ ಕೋರ್ಟಿಗೆ ಹೋಗುವುದಿಲ್ಲ. 'ಇವನು ಕಳ್ಳ, ಸತ್ತ ಕೋಳಿ ಹಾಕ್ತಾನೆ' ಎಂದು ಸಾಕ್ಷಿ ಇಲ್ಲದೆ ಬರೆದರೆ ಹೋಗುತ್ತಾರೆ, ಹೋಗಬೇಕು ಕೂಡ.

ಗಂಡ ಹೆಂಡತಿ ಇಬ್ರೇ ನಡೆಸ್ತಾರೆ, ಬಡವರು. ಊಟ ಚೆನ್ನಾಗಿಲ್ಲ. ಬರೆದು ಅವರ ಹೊಟ್ಟೆ ಮೇಲೆ ಹೊಡೀಬೇಕಾ?

ನನಗೆ ಬಂದ ಪ್ರಶ್ನೆಗಳಲ್ಲಿ ಇದೇ ಕಷ್ಟದ್ದು. ಯಾರಿಗೂ ಗೊತ್ತಿಲ್ಲದ ಸಣ್ಣ ಅಂಗಡಿ, ಊಟ ಸುಮಾರು. ಅದನ್ನು ಹುಡುಕಿಕೊಂಡು ಹೋಗಿ ಕೆಟ್ಟದ್ದೆಂದು ಸಾರುವುದರಿಂದ ಓದುಗರಿಗೆ ಏನು ಲಾಭ? ಅವರು ಹೇಗೂ ಅಲ್ಲಿಗೆ ಹೋಗುತ್ತಿರಲಿಲ್ಲ. ಅಂಥ ಕಡೆ ದುಡ್ಡು ಕೊಡುವಾಗ ಮೆಲ್ಲಗೆ ಹೇಳುತ್ತೇನೆ: 'ಅಕ್ಕಾ, ಸಾರಿಗೆ ಇವತ್ತು ಉಪ್ಪು ಜಾಸ್ತಿ ಆಗಿತ್ತು ನೋಡ್ರಿ.' ಒಮ್ಮೊಮ್ಮೆ 'ಹೌದೇನ್ರಿ?' ಅಂತ ಅಲ್ಲೇ ಚಮಚ ಹಾಕಿ ರುಚಿ ನೋಡುತ್ತಾರೆ. ಒಮ್ಮೊಮ್ಮೆ ಮುಖ ತಿರುಗಿಸುತ್ತಾರೆ.

ಆದರೆ ಎರಡು ಕಡೆ ಸುಮ್ನಿರುವುದಿಲ್ಲ. ಒಂದು, ಶುಚಿಯ ವಿಷಯ. ಬಡತನಕ್ಕೂ ಹಳೇ ಎಣ್ಣೆಯಲ್ಲಿ ಕರಿದದ್ದು ತಿಂದು ಮಗು ನರಳುವುದಕ್ಕೂ ಸಂಬಂಧ ಕಟ್ಟಬಾರದು. ಇನ್ನೊಂದು, ಈಗಾಗಲೇ ಹೆಸರು ಮಾಡಿ, ಬೆಂಗಳೂರಿನಿಂದ ಕಾರು ಮಾಡಿಕೊಂಡು ಬರುವ ಜನರಿಗೆ ನಿನ್ನೆಯ ಹಿಟ್ಟು ಹುಯ್ದು ಕೊಡುವ ಹೋಟೆಲು. ಹೈವೇ ಬಿಟ್ಟು ಒಳಗೆ ಬಂದವರ ಸಮಯಕ್ಕೂ ಬೆಲೆ ಇದೆ. ಅಂಥ ಒಂದು ಕಡೆಯ ದೋಸೆಯ ಬಗ್ಗೆ ಖಾರವಾಗಿಯೇ ಬರೆದಿದ್ದೇನೆ. ಗಲ್ಲಾದಲ್ಲಿದ್ದವರು ಈಗಲೂ ನನ್ನನ್ನು ನೋಡಿದರೆ ಲೆಕ್ಕದ ಪುಸ್ತಕ ತೆಗೆಯುತ್ತಾರೆ.

ನೀವು ಹೊಗಳಿದ ಹೋಟೆಲ್‌ಗೆ ಹೋದ್ವಿ, ಏನೂ ಚೆನ್ನಾಗಿರಲಿಲ್ಲ. ಹಳೇ ವಿಮರ್ಶೆನ ತೆಗೆಯಬಾರದಾ?

ತೆಗೆಯುವುದಿಲ್ಲ. ಅವತ್ತು ತಿಂದದ್ದು ಅವತ್ತು ನಿಜ. ಮೇಲೆ ತಿಂಗಳು, ವರ್ಷ ಇರುತ್ತದೆ, ಮೊದಲು ಅದನ್ನು ನೋಡಿ. ಸಣ್ಣ ಹೋಟೆಲು ಬದಲಾಗಲು ದೊಡ್ಡ ಕಾರಣ ಬೇಕಿಲ್ಲ. ಹೆಂಚಿನ ಮುಂದೆ ಇದ್ದವರು ಸ್ವಂತ ಅಂಗಡಿ ಇಟ್ಟಿರುತ್ತಾರೆ, ಬೆಣ್ಣೆ ಕೊಡುತ್ತಿದ್ದವರು ನಿಲ್ಲಿಸಿರುತ್ತಾರೆ, ಅಣ್ಣ ತಮ್ಮ ಪಾಲಾಗಿರುತ್ತಾರೆ. ಹೊಗಳಿಕೆಯಿಂದಲೇ ಕೆಡುವುದೂ ಉಂಟು: ಮೂವತ್ತು ಜನಕ್ಕೆ ರೊಟ್ಟಿ ಬಡಿಯುತ್ತಿದ್ದ ಮನೆಗೆ ನೂರು ಜನ ನುಗ್ಗಿದರೆ ಕೊನೆಗೆ ಬಂದವನಿಗೆ ಸಿಗುವುದು ಬೆಳಿಗ್ಗೆ ಬಡಿದಿಟ್ಟ ರೊಟ್ಟಿ.

ಇಂಥ ದೂರು ಒಂದೇ ಹೋಟೆಲಿನ ಮೇಲೆ ಎರಡು ಮೂರು ಬಂದರೆ ಮತ್ತೆ ಹೋಗಿ, ಹೊಸದಾಗಿ ಬರೆದು, ಹಳೆಯದರ ಮೇಲೆ 'ಈಗ ಹೀಗಿಲ್ಲ, ಕೆಳಗೆ ನೋಡಿ' ಎಂದು ಸೇರಿಸುತ್ತೇನೆ. ನೀವು ಬರೆಯುವಾಗ ಯಾವ ದಿನ, ಎಷ್ಟು ಹೊತ್ತಿಗೆ ಹೋಗಿದ್ದಿರಿ, ಏನು ತಿಂದಿರಿ ಅನ್ನುವುದನ್ನು ಸೇರಿಸಿ ಕಳಿಸಿ. 'ಏನೂ ಚೆನ್ನಾಗಿರಲಿಲ್ಲ' ಅಂದರೆ ನಾನು ಎಲ್ಲಿಂದ ಶುರು ಮಾಡಲಿ?